ಶಾಲು ಹೊದೆಸುವ ಮೊದಲು ಮೆಟ್ಟಿಲು ನೋಡಿ

(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು)



ಮಾರ್ಚ್ 8 ಬಂತೆಂದರೆ ನಮ್ಮ ಒಕ್ಕೂಟಗಳಲ್ಲಿ ಸಡಗರ. ಮಹಿಳಾ ದಿನಾಚರಣೆಗೆ ಯಾರನ್ನು ಕರೆಯೋಣ, ಯಾರಿಗೆ ಸನ್ಮಾನ ಮಾಡೋಣ ಎಂದು ಒಂದು ತಿಂಗಳ ಮೊದಲೇ ಮಾತು ಶುರುವಾಗುತ್ತದೆ. ಡಿಸೆಂಬರ್ 3ರಂದು ವಿಶ್ವ ವಿಕಲಚೇತನರ ದಿನ. ಆಗಲೂ ಒಂದಿಷ್ಟು ಶಾಲು, ಹಾರ, ಹಣ್ಣಿನ ಬುಟ್ಟಿ ಖರ್ಚಾಗುತ್ತವೆ. ಸನ್ಮಾನ ಮಾಡುವುದು ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಹೇಗೆ ಮಾಡುತ್ತೇವೆ ಎಂಬುದನ್ನು ಈ ಸಲ ಸ್ವಲ್ಪ ಕೂತು ಯೋಚಿಸೋಣ. ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಉಸ್ತುವಾರಿ ಇದ್ದ ಒಂದು ಕಾರ್ಯಕ್ರಮ. ವೀಲ್‌ಚೇರ್‌ನಲ್ಲಿ ಓಡಾಡುವ ಒಬ್ಬ ಮಹಿಳೆಯನ್ನು ಸನ್ಮಾನಕ್ಕೆ ಕರೆದಿದ್ದೆವು. ಮನೆಯಲ್ಲೇ ರವಿಕೆ ಹೊಲಿದು ತನ್ನ ಹೊಟ್ಟೆ ತಾನು ಹೊರೆದುಕೊಂಡು, ತಮ್ಮನನ್ನೂ ಓದಿಸಿದವರು. ಸಮುದಾಯ ಭವನದ ಬಾಗಿಲಿಗೆ ಐದು ಮೆಟ್ಟಿಲು. ವೇದಿಕೆಗೆ ಮತ್ತೆ ನಾಲ್ಕು. ನಾಲ್ಕು ಜನ ಹುಡುಗರು ಕುರ್ಚಿ ಸಮೇತ ಅವರನ್ನು ಎತ್ತಿಕೊಂಡು ಹೋದರು. ಸೀರೆಯ ಅಂಚು ಚಕ್ರಕ್ಕೆ ಸಿಕ್ಕಿಕೊಂಡಿತು. ಅವರು ಒಂದು ಕೈಯಲ್ಲಿ ಸೆರಗು ಹಿಡಿದು, ಇನ್ನೊಂದು ಕೈಯಲ್ಲಿ ಕುರ್ಚಿಯ ತೋಳು ಹಿಡಿದು ಕಣ್ಣು ಮುಚ್ಚಿ ಕೂತಿದ್ದರು. ನಾವೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದೆವು. ಶಾಲು ಹೊದೆಸಿದೆವು, ಫೋಟೋ ತೆಗೆಸಿದೆವು. ಆಮೇಲೆ ಊಟ.

ಊಟದ ಹೊತ್ತಿಗೆ ನೋಡಿದರೆ ಅವರ ಎಲೆ ಹಾಗೆಯೇ ಇತ್ತು. ನೀರೂ ಮುಟ್ಟಿರಲಿಲ್ಲ. ಯಾಕಮ್ಮಾ ಎಂದು ಕೇಳಿದೆ. ಹಿಂದಿನ ರಾತ್ರಿಯಿಂದಲೇ ನೀರು ಕುಡಿದಿಲ್ಲ ಎಂದರು. ಇಂಥ ಕಡೆ ತಮಗೆ ಹೋಗಲು ಶೌಚಾಲಯ ಇರುವುದಿಲ್ಲ ಎಂದು ಅವರಿಗೆ ಅನುಭವದಿಂದ ಗೊತ್ತು. ಆ ಭವನದ ಶೌಚಾಲಯಕ್ಕೆ ಮೂರು ಮೆಟ್ಟಿಲು, ಬಾಗಿಲು ಎರಡು ಅಡಿ ಅಗಲ. ನನಗೆ ನಾಚಿಕೆಯಾಯಿತು. ಹೊರಡುವಾಗ ಅವರು ಹೇಳಿದ್ದು ಇಷ್ಟೇ: "ಸಿಸ್ಟರ್, ಶಾಲು ಚೆನ್ನಾಗಿದೆ. ಆದ್ರೆ ನನ್ನ ಅಕ್ಕಿಮೂಟೆ ಹಾಗೆ ಎತ್ಕೊಂಡು ಹೋಗಿದ್ದು ಚೆನ್ನಾಗಿರಲಿಲ್ಲ. ಇನ್ನೊಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ಬೀದೀಲಿ ಮೂರು ಸಂಘ ಇದೆ. ಒಂದರಲ್ಲೂ ನನ್ನ ಹೆಸರಿಲ್ಲ. ಯಾಕೆ?"

ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದವಳು ನಾನು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಪಾಠದಲ್ಲಿ ವೀಲ್‌ಚೇರ್ ಬಳಸುವ ಕೆಲವು ಮಹಿಳೆಯರ ಬಗ್ಗೆ ತಿಳಿದುಕೊಳ್ಳೋಣ. ಇವರು ಪ್ರಶಸ್ತಿ ಪಡೆದಿದ್ದಾರೆ, ನಿಜ. ಆದರೆ ಅದಕ್ಕಿಂತ ಮುಖ್ಯವಾದದ್ದು, ಇವರು ತಮಗಾಗಿ ಮತ್ತು ಬೇರೆಯವರಿಗಾಗಿ ಬಾಯಿಬಿಟ್ಟು ಕೇಳಿದವರು.

ಅಕ್ಷರ ಕಲಿಸಿ ರಸ್ತೆ ತಂದವರು

ನಮ್ಮ ಪಕ್ಕದ ಕೇರಳದಲ್ಲಿ ಮಲಪ್ಪುರಂ ಜಿಲ್ಲೆ. ಅಲ್ಲಿ ತಿರೂರಂಗಾಡಿ ಹತ್ತಿರ ವೆಳ್ಳಿಲಕ್ಕಾಡು ಎಂಬ ಹಳ್ಳಿ. ಕೆ.ವಿ. ರಾಬಿಯಾ ಹುಟ್ಟಿದ್ದು ಅಲ್ಲಿ, 1966ರಲ್ಲಿ. ಓದಿನಲ್ಲಿ ಚುರುಕು. ಹದಿಹರೆಯದಲ್ಲಿ ಪೋಲಿಯೋ ಬಂದು ಕಾಲುಗಳ ಶಕ್ತಿ ಹೋಯಿತು. ಕಾಲೇಜು ಮೆಟ್ಟಿಲು ಹತ್ತಿದ್ದ ಹುಡುಗಿ ಓದು ಬಿಟ್ಟು ಮನೆ ಸೇರಬೇಕಾಯಿತು. ನಮ್ಮ ಊರುಗಳಲ್ಲಿ ಇಂಥ ಕತೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಹುಡುಗಿ ಒಳಮನೆ ಸೇರುತ್ತಾಳೆ. ಮದುವೆಗೆ ಬಂದ ನೆಂಟರ ಮುಂದೆ ಅವಳನ್ನು ತೋರಿಸುವುದೂ ಇಲ್ಲ.

ಅದು ಕೇರಳದಲ್ಲಿ ಸಾಕ್ಷರತಾ ಆಂದೋಲನದ ಕಾಲ. 1990ರಲ್ಲಿ ಎರ್ನಾಕುಲಂ ಪೂರ್ಣ ಸಾಕ್ಷರ ಜಿಲ್ಲೆ ಎನಿಸಿಕೊಂಡಿತು. 1991ರ ಏಪ್ರಿಲ್ 18ರಂದು ಇಡೀ ರಾಜ್ಯವೇ ಪೂರ್ಣ ಸಾಕ್ಷರ ಎಂದು ಕೋಳಿಕ್ಕೋಡಿನಲ್ಲಿ ಘೋಷಣೆಯಾಯಿತು. ರಾಬಿಯಾ 1990ರ ಜೂನ್‌ನಲ್ಲಿ ತಮ್ಮ ಊರಿನ ಓದುಬರಹ ಬಾರದವರಿಗೆ ಪಾಠ ಹೇಳಲು ಶುರುಮಾಡಿದರು. ಆಗ ಅವರಿಗೆ 24 ವರ್ಷ. ತಾವು ಊರೂರು ಸುತ್ತಲು ಆಗದು, ಹಾಗಾಗಿ ಕಲಿಯುವವರೇ ಅವರ ಹತ್ತಿರ ಬಂದರು. ಆರು ತಿಂಗಳು ಕಳೆಯುವುದರೊಳಗೆ ಸುತ್ತಮುತ್ತಲಿನ ಅಕ್ಷರ ಬಾರದವರಲ್ಲಿ ಹೆಚ್ಚಿನವರು ಅವರ ತರಗತಿಯಲ್ಲಿದ್ದರು. ಅವರ ಸ್ವಂತ ತಾಯಿಯೂ ಅಜ್ಜಿಯೂ ಆ ತರಗತಿಯಲ್ಲಿ ಕೂತು ಕಲಿತರು. ಮಗಳ ಮುಂದೆ ಸ್ಲೇಟು ಹಿಡಿದು ಕೂರುವುದು ಎಂದರೆ ಯಾವ ತಾಯಿಗೂ ಸಣ್ಣ ವಿಷಯವಲ್ಲ. ನಮ್ಮ ಸಂಘಗಳಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಕಲಿತವರು ಎಷ್ಟು ಜನ ಇದ್ದೀರಿ, ನಿಮಗೆ ಇದು ನಾನು ಹೇಳದೆಯೇ ಅರ್ಥವಾಗುತ್ತದೆ.

1992ರಲ್ಲಿ ಅಧಿಕಾರಿಗಳೂ ತಜ್ಞರೂ ಈ ತರಗತಿ ನೋಡಲು ಬಂದರು. ಎಂಟು ವರ್ಷದ ಮಗುವಿನ ಪಕ್ಕದಲ್ಲಿ ಎಂಬತ್ತು ವರ್ಷದ ಅಜ್ಜಿ ಓದುವುದನ್ನು ಕಂಡು ಬೆರಗಾದರು. ಇಲ್ಲಿ ಗಮನಿಸಿ. ಬೆರಗಾದ ಅಧಿಕಾರಿಗಳು ನಿಮ್ಮ ಮನೆಗೆ ಬಂದರೆ ನೀವು ಏನು ಮಾಡುತ್ತೀರಿ? ಕಾಫಿ ಕೊಡ್ತೀರಿ, ಒಳ್ಳೆ ಮಾತು ಕೇಳಿ ಸಂತೋಷಪಡ್ತೀರಿ. ರಾಬಿಯಾ ಊರಿನ ಕಷ್ಟ ಹೇಳಿದರು. ನಮ್ಮ ಹಳ್ಳಿಗೆ ರಸ್ತೆ ಇಲ್ಲ, ಕರೆಂಟಿಲ್ಲ, ನೀರಿಲ್ಲ ಎಂದರು. ಸರ್ಕಾರ 1.7 ಕಿಲೋಮೀಟರ್ ರಸ್ತೆ ಮಂಜೂರು ಮಾಡಿತು. ವಿದ್ಯುತ್, ದೂರವಾಣಿ, ನೀರಿನ ಸಂಪರ್ಕವೂ ಬಂತು. ಆ ರಸ್ತೆಗೆ ಅಕ್ಷರ ರಸ್ತೆ ಎಂದೇ ಹೆಸರು. ನಡೆಯಲು ಆಗದ ಹೆಣ್ಣುಮಗಳು ನಡೆಯುವವರಿಗೆಲ್ಲ ರಸ್ತೆ ತಂದುಕೊಟ್ಟರು.

ಆಮೇಲೆ ಅವರು 'ಚಲನಂ' ಎಂಬ ಸೇವಾಸಂಸ್ಥೆ ಕಟ್ಟಿದರು. ಚಲನಂ ಎಂದರೆ ಚಲನೆ. ವಿಕಲಚೇತನ ಮಕ್ಕಳಿಗಾಗಿ ಶಾಲೆಗಳನ್ನು ನಡೆಸಿದರು. ಮಹಿಳೆಯರಿಗೆ ಗ್ರಂಥಾಲಯ, ಸಣ್ಣ ಉತ್ಪಾದನಾ ಘಟಕ, ಆರೋಗ್ಯದ ತಿಳುವಳಿಕೆ ಎಲ್ಲವೂ ನಡೆದವು. ವರದಕ್ಷಿಣೆ, ಕುಡಿತ, ಮೂಢನಂಬಿಕೆ, ಕೋಮುದ್ವೇಷ ಇವುಗಳ ವಿರುದ್ಧವೂ ಕೆಲಸ ಮಾಡಿದರು. ನಮ್ಮ ಸಂಘದ ಕಾರ್ಯಸೂಚಿಗೂ ಇದಕ್ಕೂ ಏನಾದರೂ ವ್ಯತ್ಯಾಸ ಇದೆಯೇ?

ಕಷ್ಟಗಳು ಅವರನ್ನು ಬಿಡಲಿಲ್ಲ. 2000ದಲ್ಲಿ ಸ್ತನ ಕ್ಯಾನ್ಸರ್ ಬಂತು, ಚಿಕಿತ್ಸೆ ಪಡೆದರು. 2004ರಲ್ಲಿ ಸ್ನಾನದ ಮನೆಯಲ್ಲಿ ಜಾರಿಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಅಲ್ಲಿಂದ ಮುಂದೆ ದೇಹದ ಹೆಚ್ಚಿನ ಭಾಗ ಸ್ವಾಧೀನವಿಲ್ಲ. ಹಾಸಿಗೆಯಲ್ಲಿದ್ದುಕೊಂಡೇ ತಮ್ಮ ನೆನಪುಗಳನ್ನು ಬರೆದರು. 2009ರಲ್ಲಿ ಆತ್ಮಕಥೆ ಪ್ರಕಟವಾಯಿತು. ಪುಸ್ತಕದಿಂದ ಬಂದ ಹಣ ಚಿಕಿತ್ಸೆಗೆ ನೆರವಾಯಿತು. 2022ರಲ್ಲಿ ಪದ್ಮಶ್ರೀ ಬಂತು. 2025ರ ಮೇ 5ರಂದು, 59ನೇ ವಯಸ್ಸಿನಲ್ಲಿ ತೀರಿಕೊಂಡರು.

ಪದ್ಮಶ್ರೀ ಬರುವಾಗ ಅವರು ಪಾಠ ಶುರುಮಾಡಿ 32 ವರ್ಷ ಆಗಿತ್ತು ಎಂಬುದನ್ನು ಲೆಕ್ಕ ಹಾಕಿ. ಆದರೆ ರಸ್ತೆ ಎರಡೇ ವರ್ಷದಲ್ಲಿ ಮಂಜೂರಾಯಿತು. ಎರಡರಲ್ಲಿ ನಿಜವಾದ ಸನ್ಮಾನ ಯಾವುದು ಎಂದು ನನ್ನನ್ನು ಕೇಳಿದರೆ, ನಾನು ರಸ್ತೆ ಎಂದೇ ಹೇಳುತ್ತೇನೆ.

ಬೆಂಗಳೂರಿನ ಮಾಲತಿ ಹೊಳ್ಳ

ಇನ್ನು ನಮ್ಮವರೇ ಆದ ಮಾಲತಿ ಕೃಷ್ಣಮೂರ್ತಿ ಹೊಳ್ಳ. 1958ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಒಂದು ವರ್ಷ ತುಂಬಿದ ಸ್ವಲ್ಪ ದಿನಕ್ಕೇ ಪೋಲಿಯೋ ಜ್ವರ ಬಂದು ಇಡೀ ದೇಹ ಸ್ವಾಧೀನ ಕಳೆದುಕೊಂಡಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ವಿದ್ಯುತ್ ಚಿಕಿತ್ಸೆ ಕೊಟ್ಟ ಮೇಲೆ ಸೊಂಟದ ಮೇಲಿನ ಭಾಗಕ್ಕೆ ಬಲ ಬಂತು. ಬಾಲ್ಯದ ಬಹುಭಾಗ ಕಳೆದದ್ದು ಮದ್ರಾಸಿನ ಚಿಕಿತ್ಸಾ ಕೇಂದ್ರದಲ್ಲಿ, ಮನೆಯವರಿಂದ ದೂರ. ಶಸ್ತ್ರಚಿಕಿತ್ಸೆಗಳು ಮೂವತ್ತರ ಆಸುಪಾಸು.

ಇಂಥವರು ಗಾಲಿಕುರ್ಚಿಯ ಓಟ, ಗುಂಡು ಎಸೆತ, ಚಕ್ರ ಎಸೆತ, ಈಟಿ ಎಸೆತ ಎಲ್ಲವನ್ನೂ ಅಭ್ಯಾಸ ಮಾಡಿ ದೇಶವಿದೇಶಗಳಲ್ಲಿ ಪದಕ ಗೆದ್ದರು. ಅರ್ಜುನ ಪ್ರಶಸ್ತಿ ಬಂತು, 2001ರಲ್ಲಿ ಪದ್ಮಶ್ರೀ ಬಂತು. ಹೊಟ್ಟೆಪಾಡಿಗೆ ಸಿಂಡಿಕೇಟ್ ಬ್ಯಾಂಕಿನಲ್ಲಿ ನೌಕರಿ. (ಪಿಗ್ಮಿ ಕಟ್ಟಿದ ಹಿರಿಯರಿಗೆ ಆ ಬ್ಯಾಂಕು ಚೆನ್ನಾಗಿ ನೆನಪಿರುತ್ತದೆ. 2020ರಲ್ಲಿ ಅದು ಕೆನರಾ ಬ್ಯಾಂಕಿನೊಂದಿಗೆ ಸೇರಿಹೋಯಿತು.) ಅವರ ಕೆಲಸಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಮಾತೃ ಫೌಂಡೇಶನ್. ಗೆಳೆಯರೊಂದಿಗೆ ಸೇರಿ ಅದನ್ನು ಕಟ್ಟಿ, ಹಳ್ಳಿಗಳ ಬಡ ವಿಕಲಚೇತನ ಮಕ್ಕಳಿಗೆ ಆಸರೆ ಕೊಟ್ಟರು. ಮನೆಯಿಂದ ದೂರ ಬೆಳೆದ ಮಗುವಿಗೆ ಏನು ಬೇಕು ಎಂದು ಅವರಿಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

ಕ್ರೀಡೆಯ ಮಾತು ಬಂದಾಗ ಇನ್ನಿಬ್ಬರ ಹೆಸರು ನಿಮ್ಮ ಮಕ್ಕಳಿಗೆ ಹೇಳಿಕೊಡಿ. ದೀಪಾ ಮಲಿಕ್ 2016ರ ರಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ಗುಂಡು ಎಸೆತದಲ್ಲಿ ಬೆಳ್ಳಿ ಗೆದ್ದು, ಪ್ಯಾರಾಲಿಂಪಿಕ್ಸ್ ಪದಕ ಪಡೆದ ಭಾರತದ ಮೊದಲ ಮಹಿಳೆಯಾದರು. ಆಗ ಅವರು ಇಬ್ಬರು ದೊಡ್ಡ ಹೆಣ್ಣುಮಕ್ಕಳ ತಾಯಿ. ಜೈಪುರದ ಅವನಿ ಲೇಖರಾ 2012ರ ಅಪಘಾತದಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡವರು. ರೈಫಲ್ ಶೂಟಿಂಗ್‌ನಲ್ಲಿ ಟೋಕಿಯೋದಲ್ಲಿ (2021) ಚಿನ್ನ, ಮತ್ತೆ 2024ರಲ್ಲಿ ಪ್ಯಾರಿಸ್‌ನಲ್ಲೂ ಚಿನ್ನ.

ಇವರ ಚಿತ್ರ ಗೋಡೆಗೆ ಅಂಟಿಸಿ, ಬೇಡ ಎನ್ನುವುದಿಲ್ಲ. ಆದರೆ ಒಂದು ಎಚ್ಚರಿಕೆ. "ನೋಡು, ಅವಳು ಕಾಲಿಲ್ಲದೆ ಇಷ್ಟು ಮಾಡಿದಾಳೆ, ನಿನಗೇನು ರೋಗ" ಎಂದು ನಮ್ಮ ಬೀದಿಯ ವಿಕಲಚೇತನ ಹುಡುಗಿಯನ್ನು ಚುಚ್ಚಲು ಇವರ ಹೆಸರು ಬಳಸಬೇಡಿ. ಎಲ್ಲರೂ ಪದಕ ಗೆಲ್ಲಬೇಕಾಗಿಲ್ಲ. ನಾವೆಲ್ಲ ಗೆದ್ದಿದ್ದೇವೆಯೇ?

ನ್ಯೂಯಾರ್ಕಿನ ಒಬ್ಬ ಟೀಚರ್

ಹಠ ಹಿಡಿಯುವುದು ಹೇಗೆ ಎಂದು ಕಲಿಯಬೇಕಾದರೆ ಅಮೆರಿಕದ ಜೂಡಿತ್ ಹ್ಯೂಮನ್ ಕತೆ ಕೇಳಬೇಕು. ಎಲ್ಲರೂ ಜೂಡಿ ಎಂದೇ ಕರೆಯುತ್ತಿದ್ದರು. 1947ರಲ್ಲಿ ಹುಟ್ಟಿದವರು, ಒಂದೂವರೆ ವರ್ಷಕ್ಕೆ ಪೋಲಿಯೋ. ತಾಯಿ ಶಾಲೆಗೆ ಸೇರಿಸಲು ಕರೆದುಕೊಂಡು ಹೋದರೆ, ವೀಲ್‌ಚೇರ್‌ನಲ್ಲಿರುವ ಮಗು ಬೆಂಕಿ ಬಿದ್ದಾಗ ಉಳಿದವರಿಗೆ ಅಪಾಯ ಎಂದು ವಾಪಸ್ ಕಳಿಸಿದರು. ಅಮೆರಿಕದಂಥ ಶ್ರೀಮಂತ ದೇಶದಲ್ಲೇ ಹೀಗೆ! ತಾಯಿ ಬಿಡಲಿಲ್ಲ, ಬೇರೆ ತಾಯಂದಿರನ್ನೂ ಸೇರಿಸಿಕೊಂಡು ಹೋರಾಡಿ ಮಗಳನ್ನು ಓದಿಸಿದರು.

ಜೂಡಿ ಟೀಚರ್ ಆಗಬೇಕೆಂದು ಪರೀಕ್ಷೆ ಬರೆದರು. ಬರವಣಿಗೆಯಲ್ಲಿ ಪಾಸು, ಮೌಖಿಕದಲ್ಲಿ ಪಾಸು. ವೈದ್ಯಕೀಯ ಪರೀಕ್ಷೆಯಲ್ಲಿ ಫೇಲು. ಕಾರಣ ಅದೇ ವೀಲ್‌ಚೇರ್. 1970ರಲ್ಲಿ ಕೋರ್ಟಿಗೆ ಹೋದರು, ಗೆದ್ದರು. ನ್ಯೂಯಾರ್ಕ್ ನಗರದಲ್ಲಿ ವೀಲ್‌ಚೇರ್‌ನಲ್ಲಿ ಕೂತು ಪಾಠ ಮಾಡಿದ ಮೊದಲ ಶಿಕ್ಷಕಿ ಅವರೇ.

ಇದಕ್ಕಿಂತ ದೊಡ್ಡ ಹೋರಾಟ 1977ರದು. 1973ರಲ್ಲಿ ಅಮೆರಿಕದಲ್ಲಿ ಒಂದು ಕಾಯಿದೆ ಆಗಿತ್ತು. ಅದರ 504ನೇ ಸೆಕ್ಷನ್ ಪ್ರಕಾರ, ಸರ್ಕಾರದ ದುಡ್ಡು ಪಡೆಯುವ ಯಾವ ಶಾಲೆ, ಆಸ್ಪತ್ರೆ, ಸಂಸ್ಥೆಯೂ ವಿಕಲಚೇತನರಿಗೆ ಭೇದ ಮಾಡುವಂತಿಲ್ಲ. ಕಾಯಿದೆ ಆಯಿತು, ನಿಯಮಗಳಿಗೆ ಸಹಿ ಬೀಳಲಿಲ್ಲ. ನಾಲ್ಕು ವರ್ಷ ಕಡತ ಅಲ್ಲೇ ಕೂತಿತ್ತು. (ಕಡತ ಕೂರುವುದು ನಮ್ಮ ತಾಲ್ಲೂಕು ಕಚೇರಿಯಲ್ಲಿ ಮಾತ್ರ ಎಂದುಕೊಂಡಿದ್ದೀರಾ?) ಏಪ್ರಿಲ್ 5ರಂದು ಜೂಡಿ, ಕಿಟ್ಟಿ ಕೋನ್ ಮತ್ತಿತರರ ಮುಂದಾಳತ್ವದಲ್ಲಿ ನೂರಕ್ಕೂ ಹೆಚ್ಚು ಜನ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಚೇರಿಯೊಳಗೆ ಹೋಗಿ ಕೂತರು. ಕಿಟ್ಟಿ ಕೋನ್ ಕೂಡ ವೀಲ್‌ಚೇರ್ ಬಳಸುವವರು. ಕೂತವರಲ್ಲಿ ಕಣ್ಣು ಕಾಣದವರು, ಕಿವಿ ಕೇಳದವರು, ಬೇರೆಯವರ ಸಹಾಯವಿಲ್ಲದೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಲಾಗದವರು ಎಲ್ಲರೂ ಇದ್ದರು. ಔಷಧಿ ಕೊರತೆ, ನೆಲದ ಮೇಲೆ ನಿದ್ದೆ. ಫೋನ್ ಸಂಪರ್ಕ ಕಡಿದರು. ಕಿವುಡರು ಕಿಟಕಿಯಲ್ಲಿ ನಿಂತು ಕೈಸನ್ನೆಯಲ್ಲಿ ಹೊರಗಿನವರಿಗೆ ಸುದ್ದಿ ಮುಟ್ಟಿಸಿದರು.

ಇಷ್ಟು ಜನಕ್ಕೆ ಊಟ? ಕರಿಯರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಬಿಸಿಬಿಸಿ ಅಡುಗೆ ಮಾಡಿ ತಂದುಕೊಟ್ಟರು. ಕಾರ್ಮಿಕ ಸಂಘಗಳು, ಚರ್ಚಿನವರು ಬೆಂಬಲಕ್ಕೆ ನಿಂತರು. ಮೂರು ವಾರಕ್ಕೂ ಹೆಚ್ಚು ಕಾಲ ಅವರು ಕದಲಲಿಲ್ಲ. ಏಪ್ರಿಲ್ 28ರಂದು ಸಹಿ ಬಿತ್ತು. 1990ರಲ್ಲಿ ಆ ದೇಶದಲ್ಲಿ ಬಂದ ದೊಡ್ಡ ವಿಕಲಚೇತನರ ಕಾಯಿದೆಗೆ ಇದೇ ಅಡಿಪಾಯ. ಜೂಡಿ ಮುಂದೆ ಸರ್ಕಾರದಲ್ಲೂ ವಿಶ್ವಬ್ಯಾಂಕಿನಲ್ಲೂ ದೊಡ್ಡ ಹುದ್ದೆಗಳಲ್ಲಿದ್ದು, 2023ರ ಮಾರ್ಚ್ 4ರಂದು ತೀರಿಕೊಂಡರು.

ಸಾಲ ಕೊಡದೆ ಸತಾಯಿಸಿದ ಬ್ಯಾಂಕಿನ ಮುಂದೆ, ಸಾರಾಯಿ ಅಂಗಡಿ ಮುಂದೆ ನೀವೂ ಕೂತಿದ್ದೀರಿ. ಕೂತವರಿಗೆ ಊಟ ತಂದುಕೊಟ್ಟವರ ಹೆಸರು ವರದಿಯಲ್ಲಿ ಬರುವುದಿಲ್ಲ, ಆದರೆ ಅವರಿಲ್ಲದೆ ಹೋರಾಟ ಎರಡು ದಿನ ನಿಲ್ಲದು ಎಂದು ನಿಮಗೆ ಗೊತ್ತು.

ಎತ್ತಿಕೊಂಡು ಹೋಗುವುದು ಇನ್ನೂ ನಿಂತಿಲ್ಲ

ಮುಂಬಯಿಯ ವಿರಾಲಿ ಮೋದಿ ವೀಲ್‌ಚೇರ್ ಬಳಸುವ ಹೋರಾಟಗಾರ್ತಿ. ರೈಲು ಹತ್ತಿಸಲು ಎತ್ತುವ ನೆಪದಲ್ಲಿ ಕೂಲಿಗಳು ತನ್ನ ಮೈಮೇಲೆ ಕೆಟ್ಟದಾಗಿ ಕೈಹಾಕಿದ್ದನ್ನು ಅವರು ಮುಚ್ಚಿಡದೆ ಹೇಳಿದರು. 2017ರಲ್ಲಿ ರೈಲುಗಳು ವಿಕಲಚೇತನರಿಗೆ ಅನುಕೂಲವಾಗಬೇಕು ಎಂದು ಸಹಿ ಸಂಗ್ರಹಿಸಿದಾಗ ಲಕ್ಷಾಂತರ ಜನ ಸಹಿ ಹಾಕಿದರು. ಅದೇ ವಿರಾಲಿ 2023ರ ಅಕ್ಟೋಬರ್‌ನಲ್ಲಿ ಮದುವೆ ನೋಂದಣಿಗೆ ಹೋದರೆ, ಕಚೇರಿ ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಅಧಿಕಾರಿಗಳು ಸಹಿ ಹಾಕಿಸಿಕೊಳ್ಳಲು ಕೆಳಗೆ ಬರಲಿಲ್ಲ. ತನ್ನ ಮದುವೆಯ ದಿನ ಮದುಮಗಳನ್ನು ಎರಡು ಮಹಡಿ ಎತ್ತಿಕೊಂಡು ಹೋಗಬೇಕಾಯಿತು. ಅವರು ಸುಮ್ಮನಿರದೆ ಬಹಿರಂಗವಾಗಿ ಬರೆದರು, ಆಗಿನ ಉಪಮುಖ್ಯಮಂತ್ರಿಗಳು ಕ್ಷಮೆ ಕೇಳಿದರು.

ಇದನ್ನು ಓದಿದಾಗ ನನಗೆ ನಮ್ಮ ಭವನದ ಐದು ಮೆಟ್ಟಿಲು ನೆನಪಾಯಿತು. ನಾಲ್ಕು ಗಂಡಸರು ಒಂದು ಹೆಣ್ಣನ್ನು ಎತ್ತುವುದನ್ನು ನಾವು ಸಹಾಯ ಎಂದುಕೊಂಡಿದ್ದೆವು. ಅವರ ಒಪ್ಪಿಗೆ ಕೇಳಿರಲೇ ಇಲ್ಲ.

ಮಾರ್ಕನ ಶುಭಸಂದೇಶದ 2ನೇ ಅಧ್ಯಾಯದಲ್ಲೂ ನಾಲ್ವರು ಎತ್ತಿಕೊಂಡು ಬರುತ್ತಾರೆ. ನಮ್ಮ ಸಂಘಗಳಲ್ಲಿ ಎಲ್ಲ ಮತದವರೂ ಇದ್ದೀರಿ, ಹಾಗಾಗಿ ಕತೆ ಚಿಕ್ಕದಾಗಿ ಹೇಳುತ್ತೇನೆ. ಕಫೆರ್ನೌಮಿನ ಒಂದು ಮನೆಯಲ್ಲಿ ಯೇಸುಸ್ವಾಮಿ ಇದ್ದಾರೆ. ಬಾಗಿಲ ತುಂಬ ಜನ. ಪಾರ್ಶ್ವವಾಯು ರೋಗಿಯನ್ನು ಹಾಸಿಗೆ ಸಮೇತ ತಂದ ಗೆಳೆಯರಿಗೆ ಒಳಗೆ ಹೋಗಲು ದಾರಿ ಇಲ್ಲ. ಅವರು ಮಾಡು ಹತ್ತಿ, ಅದನ್ನು ಬಿಚ್ಚಿ ಗೆಳೆಯನನ್ನು ಕೆಳಗಿಳಿಸಿದರು. ಗುಣವಾದದ್ದರ ಬಗ್ಗೆ ಪ್ರಸಂಗ ಬಹಳ ಕೇಳಿದ್ದೇವೆ. ಬಾಗಿಲು ಬಿಟ್ಟುಕೊಡದ ಆ ಜನರ ಬಗ್ಗೆ ಯಾರೂ ಮಾತಾಡುವುದಿಲ್ಲ. ಅವರೆಲ್ಲ ದೇವರ ವಾಕ್ಯ ಕೇಳಲು ಬಂದ ಒಳ್ಳೆಯ ಜನರೇ!

ಕಾನೂನು ಏನು ಹೇಳುತ್ತದೆ

2011ರ ಜನಗಣತಿ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರು. ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು. ನಿಮ್ಮ ಊರಿನಲ್ಲಿ ಯಾರೂ ಇಲ್ಲ ಎಂದು ನಿಮಗೆ ಅನಿಸಿದರೆ, ಅವರು ಇಲ್ಲ ಎಂದಲ್ಲ, ಹೊರಗೆ ಬರುತ್ತಿಲ್ಲ ಎಂದು ಅರ್ಥ.

ಮೊದಲು 1995ರ ಕಾಯಿದೆ ಇತ್ತು. ಅದರ ಬದಲು ವಿಕಲಚೇತನರ ಹಕ್ಕುಗಳ ಕಾಯಿದೆ 2016 ಬಂದು, 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 7 ಬಗೆಯ ವೈಕಲ್ಯ ಎಂದಿದ್ದದ್ದು ಈಗ 21 ಆಗಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯ ಎಂದು ವೈದ್ಯಕೀಯ ಪ್ರಮಾಣಪತ್ರ ಇದ್ದವರಿಗೆ ಮೀಸಲಾತಿಯ ಸೌಲಭ್ಯ ಸಿಗುತ್ತದೆ. ಸರ್ಕಾರಿ ನೌಕರಿಯಲ್ಲಿ ಶೇ. 4, ಉನ್ನತ ಶಿಕ್ಷಣದಲ್ಲಿ ಶೇ. 5. ನಮಗೆ ಮುಖ್ಯವಾದದ್ದು 37ನೇ ಸೆಕ್ಷನ್. ಬಡತನ ನಿವಾರಣೆಯ ಯೋಜನೆಗಳಲ್ಲಿ, ಜಮೀನು ಮತ್ತು ಮನೆ ಹಂಚಿಕೆಯಲ್ಲಿ ಶೇ. 5 ಮೀಸಲು, ಅದರಲ್ಲೂ ಮಹಿಳೆಯರಿಗೆ ಆದ್ಯತೆ ಎಂದು ಅದು ಹೇಳುತ್ತದೆ. ಆಶ್ರಯ ಮನೆ ಪಟ್ಟಿ ಗ್ರಾಮಸಭೆಯಲ್ಲಿ ಓದುವಾಗ ಈ ಶೇ. 5 ಎಲ್ಲಿ ಎಂದು ಕೇಳಿ. ಪಂಚಾಯಿತಿ ತನ್ನ ಸ್ವಂತ ಹಣದಲ್ಲೂ ಶೇ. 5ನ್ನು ವಿಕಲಚೇತನರಿಗಾಗಿ ಖರ್ಚು ಮಾಡಬೇಕು.

92ನೇ ಸೆಕ್ಷನ್ ಬಾಯಿಗೆ ಸಂಬಂಧಪಟ್ಟದ್ದು. ವಿಕಲಚೇತನರನ್ನು ಜನರೆದುರು ಬೇಕೆಂದೇ ಅವಮಾನಿಸಿದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು ಮತ್ತು ದಂಡ. ಜಗಳದಲ್ಲಿ ಕುಂಟಿ, ಹೆಳವಿ ಎಂದು ಬಾಯಿಗೆ ಬಂದಂತೆ ಕರೆಯುವವರು ನೆನಪಿಟ್ಟುಕೊಳ್ಳಿ.

ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ (ವಿ.ಆರ್.ಡಬ್ಲ್ಯೂ. ಎನ್ನುತ್ತಾರೆ), ತಾಲ್ಲೂಕಿಗೆ ಎಂ.ಆರ್.ಡಬ್ಲ್ಯೂ. ಅವರೂ ವಿಕಲಚೇತನರೇ ಆಗಿರುತ್ತಾರೆ. ಯುಡಿಐಡಿ ಕಾರ್ಡ್ ಅರ್ಜಿ, ಮಾಸಾಶನ, ಸಾಧನ ಸಲಕರಣೆ ಎಲ್ಲಕ್ಕೂ ಮೊದಲು ಅವರನ್ನು ವಿಚಾರಿಸಿ. ಹೆಚ್ಚಿನ ಯೋಜನೆಗಳಿಗೆ ಈಗ ಯುಡಿಐಡಿ ಕಾರ್ಡ್ ಕೇಳುತ್ತಾರೆ.

ವೀಲ್‌ಚೇರ್ ಬಗ್ಗೆ ಒಂದು ಮಾತು. ಶಿಬಿರದಲ್ಲಿ ಎಲ್ಲರಿಗೂ ಒಂದೇ ಅಳತೆಯ ಆಸ್ಪತ್ರೆ ಕುರ್ಚಿ ಹಂಚಿ ಫೋಟೋ ತೆಗೆಸಿಕೊಳ್ಳುವುದನ್ನು ನಾನು ಬಹಳ ಕಂಡಿದ್ದೇನೆ. ಮೈಗೆ ಹೊಂದದ ಕುರ್ಚಿಯಲ್ಲಿ ಇಡೀ ದಿನ ಕೂತರೆ ಬೆನ್ನು ವಾಲುತ್ತದೆ, ಸ್ಪರ್ಶಜ್ಞಾನವಿಲ್ಲದವರಿಗೆ ಒತ್ತಿದ ಕಡೆ ಹುಣ್ಣಾಗುತ್ತದೆ, ಆ ಹುಣ್ಣು ಜೀವಕ್ಕೇ ಅಪಾಯ. ಹಾಗಾಗಿ ಕುರ್ಚಿ ಕೊಡುವವರಿಗೆ ಅಳತೆ ತೆಗೆದುಕೊಳ್ಳಿ ಎಂದು ಹೇಳಿ, ಕೂರಲು ದಿಂಬು ಕೇಳಿ. ರವಿಕೆಗೇ ಅಳತೆ ಕೊಡುತ್ತೇವೆ, ಕುರ್ಚಿಗೆ ಬೇಡವೇ?

ನಮ್ಮ ಸಂಘದ ಬಾಗಿಲು

ಮತ್ತೆ ಆ ಮಹಿಳೆಯ ಪ್ರಶ್ನೆಗೆ ಬರುತ್ತೇನೆ. ಅವರ ಬೀದಿಯ ಸಂಘದವರನ್ನು ಕೂರಿಸಿ ಕೇಳಿದೆ. ಒಬ್ಬರು, "ಸಭೆಗೆ ಹೇಗೆ ಬರ್ತಾರೆ ಸಿಸ್ಟರ್, ಪಾಪ" ಎಂದರು. ಇನ್ನೊಬ್ಬರು, "ಸಾಲ ತಗೊಂಡ್ರೆ ತೀರಿಸ್ತಾರಾ?" ಎಂದರು. ಮೂರನೆಯವರು, "ನಾವು ಕೇಳಿದ್ರೆ ಅವರಿಗೆ ಬೇಜಾರಾಗುತ್ತೇನೋ ಅಂತ ಕೇಳ್ಲಿಲ್ಲ" ಎಂದರು. ಪಾಪ ಎನ್ನುವ ಆ ಒಂದು ಮಾತು ಎಷ್ಟು ಬಾಗಿಲು ಮುಚ್ಚುತ್ತದೆ ನೋಡಿ. ಸಾಲ ತೀರಿಸುತ್ತಾರೋ ಇಲ್ಲವೋ ಎಂದು ಕೇಳಿದ ಸದಸ್ಯೆ ಉಟ್ಟಿದ್ದ ರವಿಕೆ ಹೊಲಿದವರು ಅವರೇ. ಹೊಲಿಗೆಯ ಹಣ ಇನ್ನೂ ಬಾಕಿ ಇತ್ತು ಎಂದು ಆಮೇಲೆ ತಿಳಿಯಿತು!

ಎರಡು ಮೂರು ವಾರ ಮಾತುಕತೆ ನಡೆಯಿತು. ಕೊನೆಗೆ ಸಭೆಯನ್ನು ಮೆಟ್ಟಿಲಿದ್ದ ಮನೆಯಿಂದ ಅಂಗನವಾಡಿಯ ಅಂಗಳಕ್ಕೆ ಬದಲಾಯಿಸಿದರು. ದೂರವಾಯಿತು ಎಂದು ಒಬ್ಬ ಸದಸ್ಯೆ ಸಂಘ ಬಿಟ್ಟರು. ಅದೂ ನಡೆದದ್ದೇ, ಮುಚ್ಚಿಡುವುದಿಲ್ಲ. ಹೊಸ ಸದಸ್ಯೆ ಮೊದಲ ಸಾಲದಲ್ಲಿ ಕರೆಂಟಿನ ಮೋಟಾರ್ ಇರುವ ಹೊಲಿಗೆ ಯಂತ್ರ ತೆಗೆದುಕೊಂಡರು. ಕಾಲಿನಲ್ಲಿ ತುಳಿಯುವ ಯಂತ್ರವನ್ನು ಅಷ್ಟು ವರ್ಷ ಅವರು ಕೈಯಲ್ಲಿ ತಿರುಗಿಸುತ್ತಿದ್ದರು ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಂತು ಒಂದೂ ತಪ್ಪಲಿಲ್ಲ. ಆಮೇಲೆ ಎರಡು ವರ್ಷ ನಡಾವಳಿ ಪುಸ್ತಕ ಬರೆದವರೂ ಅವರೇ. ಅವರ ಅಕ್ಷರ ನನ್ನದಕ್ಕಿಂತ ಚೆಂದ.

ವಿಕಲಚೇತನರದ್ದೇ ಬೇರೆ ಸಂಘ ಮಾಡಬಹುದೇ ಎಂದು ಕೆಲವರು ಕೇಳುತ್ತೀರಿ. ಮಾಡಬಹುದು. ರಾಷ್ಟ್ರೀಯ ಜೀವನೋಪಾಯ ಯೋಜನೆಯಲ್ಲಿ (ನಮ್ಮಲ್ಲಿ ಸಂಜೀವಿನಿ) ಅಂಥ ಸಂಘಕ್ಕೆ ಹತ್ತು ಜನ ಬೇಕಿಲ್ಲ, ಐದು ಜನ ಇದ್ದರೂ ಸಾಕು. ತಮ್ಮ ತಮ್ಮೊಳಗೆ ಮಾತಾಡಿಕೊಳ್ಳಲು ಅದು ಒಳ್ಳೆಯದು. ಆದರೆ "ಅವರಿಗೆ ಬೇರೆ ಸಂಘ ಇದೆಯಲ್ಲ" ಎಂದು ನಮ್ಮ ಸಂಘದ ಬಾಗಿಲು ಹಾಕಿಕೊಳ್ಳಲು ಅದು ನೆಪವಾಗಬಾರದು ಎಂಬುದು ನನ್ನ ಅಭಿಪ್ರಾಯ.

ವೀಲ್‌ಚೇರ್‌ನಲ್ಲಿರುವವರ ಜೊತೆ ನಡೆದುಕೊಳ್ಳುವ ರೀತಿಯೂ ಇದೆ. ಕೇಳದೆ ಕುರ್ಚಿ ತಳ್ಳಬೇಡಿ. ಅದರ ಹಿಡಿಗೆ ಚೀಲ ನೇತುಹಾಕುವುದು, ಒರಗಿ ನಿಲ್ಲುವುದು ಬೇಡ. ಅದು ಅವರ ಮೈಯ ಭಾಗ ಇದ್ದಂತೆ. "ಇವರಿಗೆ ಕಾಫಿ ಬೇಕಾ?" ಎಂದು ಜೊತೆಗೆ ಬಂದವರನ್ನು ಕೇಳುವ ಅಭ್ಯಾಸ ಬಿಟ್ಟು ಅವರನ್ನೇ ಕೇಳಿ. ಹೆಚ್ಚು ಹೊತ್ತು ಮಾತಾಡುವುದಿದ್ದರೆ ನೀವೂ ಕೂತುಕೊಳ್ಳಿ, ಅವರ ಕತ್ತು ನೋಯುವುದು ತಪ್ಪುತ್ತದೆ.

ಅಳತೆಯ ಲೆಕ್ಕ

ಇಳಿಜಾರು ಹಾದಿಗೆ (ರ‍್ಯಾಂಪ್) ಒಂದು ಸುಲಭ ಲೆಕ್ಕ ಇದೆ. ಒಂದು ಇಂಚು ಎತ್ತರಕ್ಕೆ 12 ಇಂಚು, ಅಂದರೆ ಒಂದು ಅಡಿ ಉದ್ದ. ಮೆಟ್ಟಿಲು 6 ಇಂಚು ಎತ್ತರ ಇದ್ದರೆ ಇಳಿಜಾರು 6 ಅಡಿ ಉದ್ದ ಬೇಕು. ನಮ್ಮ ಭವನದ ಐದು ಮೆಟ್ಟಿಲಿಗೆ 30 ಇಂಚು ಎತ್ತರ, ಅದಕ್ಕೆ 30 ಅಡಿ. ಎಷ್ಟೋ ಕಚೇರಿಗಳಲ್ಲಿ ರ‍್ಯಾಂಪ್ ಎಂದು ಮಾಡಿರುವುದು ಸ್ಕೂಟರ್ ಹತ್ತಿಸಲಷ್ಟೇ ಸರಿ. ಅದರಲ್ಲಿ ವೀಲ್‌ಚೇರ್ ಇಳಿಸಿದರೆ ಕೂತವರು ಮುಂದಕ್ಕೆ ಬೀಳುತ್ತಾರೆ. ಬಾಗಿಲು 3 ಅಡಿ ಅಗಲ ಇರಬೇಕು. ಒಳಗೆ ಕುರ್ಚಿ ತಿರುಗಿಸಲು 5 ಅಡಿ ಸುತ್ತಳತೆಯಲ್ಲ, 5 ಅಡಿ ಅಡ್ಡಗಲದ ಜಾಗ ಬೇಕು. ಮೇಸ್ತ್ರಿಗೆ ಹೇಳುವಾಗ ಇದನ್ನು ಸರಿಯಾಗಿ ಹೇಳಿ.

ಚರ್ಚೆಗೆ

ನಿಮ್ಮ ಬೀದಿಯಲ್ಲಿ ವೀಲ್‌ಚೇರ್ ಬಳಸುವ, ಅಥವಾ ವೀಲ್‌ಚೇರ್ ಬೇಕಾಗಿದ್ದೂ ಇಲ್ಲದೆ ಮನೆಯೊಳಗೇ ಇರುವ ಮಹಿಳೆಯರು ಯಾರು? ಅವರನ್ನು ಸಂಘಕ್ಕೆ ಬನ್ನಿ ಎಂದು ಯಾರಾದರೂ ಬಾಯಿಬಿಟ್ಟು ಕರೆದದ್ದುಂಟೇ?

ರಾಬಿಯಾ ಅವರ ಮನೆಗೆ ಅಧಿಕಾರಿಗಳು ಬಂದ ಹಾಗೆ ನಿಮ್ಮ ಸಂಘಕ್ಕೆ ಬಂದರೆ ಕೇಳಬೇಕಾದ ಮೂರು ಸಂಗತಿ ಯಾವುವು? ಈಗಲೇ ನಡಾವಳಿಯಲ್ಲಿ ಬರೆದಿಡಿ.

ಕಳೆದ ಗ್ರಾಮಸಭೆಯಲ್ಲಿ ಶೇ. 5ರ ಹಣದ ಲೆಕ್ಕ ಓದಿದರೇ? ಇಲ್ಲವಾದರೆ ಮುಂದಿನ ಸಭೆಯಲ್ಲಿ ಕೇಳಲು ಇಬ್ಬರು ಸದಸ್ಯೆಯರನ್ನು ಗೊತ್ತುಮಾಡಿ. ವಿ.ಆರ್.ಡಬ್ಲ್ಯೂ. ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಮುಂದಿನ ವಾರದ ಸಭೆಗೆ ಹೊಲಿಗೆಯವರಿಂದ ಒಂದು ಅಳತೆ ಟೇಪು ತನ್ನಿ. ಸಭೆ ನಡೆಯುವ ಮನೆ, ಪಂಚಾಯಿತಿ ಕಚೇರಿ, ಆರೋಗ್ಯ ಉಪಕೇಂದ್ರ, ಮತಗಟ್ಟೆ ಇರುವ ಶಾಲೆ, ನಿಮ್ಮ ದೇವಸ್ಥಾನ, ಮಸೀದಿ, ಚರ್ಚು, ಇವುಗಳ ಬಾಗಿಲು ಎಷ್ಟು ಅಗಲ, ಮೆಟ್ಟಿಲು ಎಷ್ಟು ಎತ್ತರ ಎಂದು ಅಳೆದು ಒಂದು ಹಾಳೆಯಲ್ಲಿ ಬರೆದು ಒಕ್ಕೂಟದ ಸಭೆಗೆ ತನ್ನಿ. ನಮ್ಮ ಕಚೇರಿಯ ಮುಂಬಾಗಿಲಿಗೂ ಎರಡು ಮೆಟ್ಟಿಲಿದೆ, 7 ಇಂಚಿನದು. ಅದನ್ನು ನಾನು ಆಗಲೇ ಅಳೆದಿದ್ದೇನೆ, 14 ಅಡಿ ಇಳಿಜಾರು ಬೇಕು. ಕಾಂಪೌಂಡಿನ ಒಳಗೆ ಜಾಗ ಸಾಲದು, ಮಲ್ಲಿಗೆ ಗಿಡ ತೆಗೆಯಬೇಕಾಗುತ್ತದೆ. ಫಾದರ್ ಹತ್ತಿರ ಮಾತಾಡುತ್ತಿದ್ದೇನೆ.